ಕಪ್ಪು ಚೌಕಟ್ಟಿನ ಹುಟ್ಟುಹಬ್ಬ

ಗಿರಣಿ ಸತ್ತ ಸುದ್ದಿಯನ್ನು ತಾರೀಖಣ್ಣನಿಗೆ ಮೊದಲು ಹೇಳಿದವಳು ಅವನ ಹೆಂಡತಿಯೇ. ಗಂಡ ಮಾಡುವ ಪುಟವನ್ನು ಬೆಳಗಿನ ಚಹಾದ ಜೊತೆ ಓದುವುದು, ಓದಿ ಒಂದಾದರೂ ತಪ್ಪು ಹೆಕ್ಕಿ ಅವನ ಮುಖಕ್ಕೆ ಹಿಡಿಯುವುದು ಅವಳಿಗೆ ಮದುವೆಯಾದಾಗಿನಿಂದ ಅಂಟಿಕೊಂಡ ಚಾಳಿ. ಆವತ್ತು ಲೋಟವನ್ನು ತುಟಿಯ ಹತ್ತಿರ ಹಿಡಿದುಕೊಂಡೇ ಕೇಳಿದಳು.

"ಏನ್ರೀ, ಗಿರಣಿ ಹೋಗ್ಬಿಟ್ನಾ? ನನಗೊಂದು ಮಾತೂ ಹೇಳ್ಲಿಲ್ವಲ್ಲ ನೀವು."

"ಯಾವ ಗಿರಣಿ?"

"ಊರಿಗೆಲ್ಲ ಇರೋದು ಒಬ್ಬನೇ ಗಿರಣಿ. ಹೋಗಿದ್ರೆ ಒಳ್ಳೇದೇ ಆಯ್ತು ಬಿಡಿ. ಪಾಪ ಅನ್ನೋಕೂ ನನಗೆ ಬಾಯಿ ಬರಲ್ಲ."

ತಾರೀಖಣ್ಣ ನಕ್ಕ. ಸಾಯುವುದೆಲ್ಲಿ ಬಂತು, ಇವತ್ತು ಆ ಮನುಷ್ಯನ ಹುಟ್ಟಿದ ದಿನ, ಫೋಟೋ ಹಾಕಿದ್ದೂ ತಾನೇ. ಹಾಗೆ ಅನ್ನುತ್ತಲೇ ಪೇಪರ್ ಇಸಿದುಕೊಂಡು ನೋಡಿದ. ನೋಡಿದ ಮೇಲೆ ಕೈಯಲ್ಲಿದ್ದ ಬ್ರೆಡ್ಡಿನ ಚೂರು ಚಹಾದೊಳಗೆ ಬಿದ್ದದ್ದು ಅವನಿಗೆ ಗೊತ್ತಾಗಲಿಲ್ಲ.

ಪುಟದ ನಟ್ಟನಡುವೆ ಗಿರಣಿ ಹಲ್ಲು ಬಿಟ್ಟುಕೊಂಡು ನಗುತ್ತಿದ್ದ. ಸುತ್ತ ದಪ್ಪ ಕಪ್ಪು ಚೌಕಟ್ಟು. ಕೆಳಗೆ 'ನಿಧನ'. ಅದರ ಮುಂದೆ ಇವತ್ತಿನದೇ ತಾರೀಖು, ಇದೇ ವರ್ಷ.

ತಾರೀಖಣ್ಣನ ಪುಟ ಯಾವುದು ಅನ್ನುವುದನ್ನು ಇಲ್ಲೇ ಹೇಳಿಬಿಡಬೇಕು. ಪೇಪರಿನ ಒಳಗೆ 'ಈ ದಿನ' ಅಂತ ಒಂದು ಪುಟ ಬರುತ್ತದೆ. ಇದೇ ತಾರೀಖಿಗೆ ಹಿಂದೆ ಯಾವ ಗಾಯಕಿ ಹುಟ್ಟಿದಳು, ಯಾವ ಹಾಸ್ಯನಟ ಸತ್ತ, ಯಾವ ಸಿನಿಮಾ ಮೊದಲ ದಿನ ಟಿಕೆಟ್ ಸಿಗದೆ ಕಿಟಕಿ ಗಾಜು ಒಡೆಸಿತು, ಇಂಥ ಸಂಗತಿಗಳೇ ಅದರ ಸರಕು. ಓದುವವರು ಚಹಾ ಮುಗಿಯುವುದರೊಳಗೆ ಮರೆಯುತ್ತಾರೆ. ತಾರೀಖಣ್ಣ ಮಾತ್ರ ಒಂದನ್ನೂ ಮರೆಯುವವನಲ್ಲ. ಯಾರಾದರೂ ಎದುರಿಗೆ ಬಂದರೆ ಹೇಗಿದ್ದೀರಿ ಅನ್ನುವ ಮೊದಲು ನೀವು ಹುಟ್ಟಿದ್ದು ಯಾವಾಗ ಅಂತ ಕೇಳಿ, ಅದೇ ದಿನ ಸತ್ತ ಇಬ್ಬರ ಹೆಸರು ಹೇಳಿ ಬೆಚ್ಚಿಬೀಳಿಸುವ ಆಸಾಮಿ. ತಾರೀಖಣ್ಣ ಅನ್ನುವ ಹೆಸರು ಹಾಗೆ ಬಂತು, ಅಪ್ಪ ಅಮ್ಮ ಇಟ್ಟದ್ದನ್ನು ತಿಂದುಹಾಕಿತು.

ತಪ್ಪು ಆದದ್ದು ಹೇಗೆಂದರೆ, ಆ ಪುಟವನ್ನು ಯಾರೂ ಪ್ರತಿವರ್ಷ ಹೊಸದಾಗಿ ಮಾಡುವುದಿಲ್ಲ. ಕಂಪ್ಯೂಟರಿನಲ್ಲಿ ಹೋದ ವರ್ಷದ ಪುಟ ತೆರೆಯಬೇಕು, ಒಂದಿಬ್ಬರನ್ನು ಎತ್ತಬೇಕು, ಇನ್ನೊಂದಿಬ್ಬರನ್ನು ಕೂರಿಸಬೇಕು. ಗಿರಣಿಯ ಕಡೆಯವರು ಈ ಸಲ ದೊಡ್ಡ ಫೋಟೋ ಕಳಿಸಿ ದೊಡ್ಡದಾಗಿಯೇ ಬರಬೇಕು ಅಂದಿದ್ದರು. ಪುಟದಲ್ಲಿ ದೊಡ್ಡ ಜಾಗ ಇದ್ದದ್ದು ಸತ್ತ ಹಾಸ್ಯನಟನದು ಮಾತ್ರ. ಸಂಜೆಯ ಬಸ್ಸು ತಪ್ಪುತ್ತದೆಂಬ ಆತುರದಲ್ಲಿ ತಾರೀಖಣ್ಣ ಹಾಸ್ಯನಟನನ್ನು ಎತ್ತಿ ಅದೇ ಜಾಗದಲ್ಲಿ ಗಿರಣಿಯನ್ನು ಕೂರಿಸಿದ, ಹೆಸರು ತಿದ್ದಿದ, ಹಾಸ್ಯನಟನ ತಾರೀಖು ಅಳಿಸಿದ, ಎದ್ದುಹೋದ. ಚೌಕಟ್ಟು ಸತ್ತವರದು. ಅದರ ಅಡಿಯ ಪದ ಅಲ್ಲೇ ಉಳಿಯಿತು. ತಾರೀಖಿನ ಜಾಗ ಖಾಲಿ ಬಿಟ್ಟರೆ ಆ ಯಂತ್ರ ಪೇಪರಿನ ತಾರೀಖನ್ನೇ ತಾನಾಗಿ ತುಂಬಿಕೊಳ್ಳುತ್ತದೆ.

ಬೇರೆ ಯಾರಿಗಾದರೂ ಹೀಗಾಗಿದ್ದರೆ ಇಡೀ ಊರು ವಾರವೆಲ್ಲ ನಗುತ್ತಿತ್ತು. ಆದರೆ ಗಿರಣಿ ಅಂದರೆ ಗಿರಣಿ. ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊತ್ತು ಶುರು ಮಾಡಿದವನು, ಈಗ ಮಾರುಕಟ್ಟೆಗೆ ಬರುವ ಒಂದು ಲಾರಿಯೂ ಅವನನ್ನು ಕೇಳದೆ ಬಾಗಿಲು ತೆಗೆಯುವುದಿಲ್ಲ. ಎದುರು ನಿಂತವರನ್ನು ಅರೆದುಹಾಕುತ್ತಾನೆ ಅಂತ ಜನ ಹೇಳುತ್ತಿದ್ದದ್ದು ಅಲಂಕಾರಕ್ಕಲ್ಲ. ನಡುವೆ ಒಮ್ಮೆ ಯಾವುದೋ ಸಿನಿಮಾದಲ್ಲಿ ಖಳನಾಗಿ ಮುಖ ತೋರಿಸಿ ನಾಯಕನ ಕೈಯಲ್ಲಿ ಒದೆ ತಿಂದಿದ್ದ. ಆ ಒಂದು ನೆಪದಲ್ಲಿ 'ನಟ' ಅನ್ನಿಸಿಕೊಂಡು 'ಈ ದಿನ'ದ ಪುಟ ಹತ್ತಿದವನು ಇಳಿದಿರಲಿಲ್ಲ.

ಫೋನು ಹೊಡೆದುಕೊಂಡಿತು. ಸಂಪಾದಕರು.

"ಎಲ್ಲಿದೀಯಾ? ಮನೇಲಾ? ಮೊದಲು ಅಲ್ಲಿಂದ ಹೊರಡು. ಆಫೀಸಿಗೆ ನುಗ್ಗಿ ಗಾಜೆಲ್ಲ ಪುಡಿ ಮಾಡಿದ್ದಾರೆ. ವಾಚ್‌ಮನ್ ತಲೆ ಒಡೆದಿದೆ, ಆಸ್ಪತ್ರೆಗೆ ಸಾಗಿಸಿದೀವಿ, ಮಾತಾಡ್ತಿಲ್ಲ."

"ಸಾರ್, ಅದು ಚೌಕಟ್ಟು ಬದಲಾಗಿ..."

"ನನಗೆ ಗೊತ್ತು ಕಣಯ್ಯ ಚೌಕಟ್ಟು ಅಂತ. ಅವರಿಗೆ ಯಾರು ಹೇಳ್ತಾರೆ? ಇವತ್ತು ಸಾಯ್ತಾನೆ ಅಂತ ನಿನ್ನೆನೇ ಅಚ್ಚಾಗಿದೆ. ಯಾರೋ ಸುಪಾರಿ ಕೊಟ್ಟು, ಧೈರ್ಯ ತೋರ್ಸೋಕೆ ಪೇಪರಲ್ಲೂ ಹಾಕ್ಸಿದ್ದಾರೆ ಅಂತ ಅವರ ಲೆಕ್ಕ. ಫೋನ್ ಆಫ್ ಮಾಡು, ಎಲ್ಲಾದ್ರೂ ಹೋಗಿ ಬಿದ್ದಿರು."

ಹೆಂಡತಿ ಆಗಲೇ ಚೀಲಕ್ಕೆ ಅವನ ಎರಡು ಅಂಗಿ ತುರುಕುತ್ತಿದ್ದಳು. "ಅಕ್ಕನ ಮನೆಗೆ ಹೋಗೋಣ, ಏಳಿ. ಮುಖ ನೋಡ್ಬೇಡಿ ಹಾಗೆ."

ತಾರೀಖಣ್ಣ ಏಳಲಿಲ್ಲ. ವಾಚ್‌ಮನ್ ಮುದುಕ. ದಿನಾ ಬೆಳಿಗ್ಗೆ ಸಲಾಮು ಹೊಡೆದು, ಇವತ್ತು ಯಾರನ್ನ ಹುಟ್ಟಿಸಿದ್ರಿ ಸಾರ್ ಅಂತ ಕೇಳುವವನು. ಅವನ ತಲೆ ಒಡೆದದ್ದು ತನ್ನ ಬಸ್ಸಿನ ಆತುರಕ್ಕೆ.

"ನಾನೇ ಹೋಗಿ ಹೇಳಿಬಿಡ್ತೀನಿ," ಅಂದ. "ತಪ್ಪು ನಂದು. ನಾಳೆ ತಿದ್ದುಪಡಿ ಹಾಕ್ತೀನಿ ಅಂತೀನಿ. ಮನುಷ್ಯರೇ ತಾನೆ ಅವರೂ."

"ಬುದ್ಧಿ ನೆಟ್ಟಗಿದೆಯಾ ನಿಮಗೆ?"

ಇರಲಿಲ್ಲ. ಪೇಪರಿನಲ್ಲಿ ಕೂದಲು ಬೆಳ್ಳಗಾದವರಿಗೆ ಈ ಒಂದು ಕಾಯಿಲೆ ಬಂದೇ ಬರುತ್ತದೆ. ಲೋಕದಲ್ಲಿ ಏನೇ ಎಡವಟ್ಟಾಗಲಿ, ಮರುದಿನ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ವಿಷಾದಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ನಂಬಿಬಿಡುತ್ತಾರೆ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಅವನು ಅವಳ ಭುಜ ಸರಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟ.

ಗಿರಣಿಯ ಲಾರಿ ನಿಲ್ಲಿಸುವ ಬಯಲಿನಲ್ಲಿ ಶಾಮಿಯಾನ ಹಾಕಿತ್ತು. ಗಿರಣಿಯ ಹಲ್ಲು ಬಿಟ್ಟ ಮುಖ ಒಂದೊಂದು ಕಂಬಕ್ಕೂ ನೇತಾಡುತ್ತಿತ್ತು. ಮೇಜಿನ ಮೇಲೆ ಮೂರು ಅಂತಸ್ತಿನ ಕೇಕು, ಅದರ ಸುತ್ತ ನೊಣ. ಹಾಡು ಹಾಕುವವನು ಪೆಟ್ಟಿಗೆಗಳನ್ನು ಬಿಚ್ಚಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದ. ಗೇಟಿನಲ್ಲಿ ಕಬ್ಬಿಣದ ಸಲಾಕೆ ಹಿಡಿದು ನಿಂತ ಹುಡುಗರಿಗೆ ತಾರೀಖಣ್ಣ ತಾನು ಯಾರೆಂದು ಹೇಳಿದ. ಅವರಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿದ. ಆಗ ಅವರಲ್ಲೊಬ್ಬ ನಕ್ಕುಬಿಟ್ಟ. ಬೆಳಗಿನಿಂದ ಊರೆಲ್ಲ ಜಾಲಾಡಿ ಹುಡುಕುತ್ತಿದ್ದ ಆಸಾಮಿ ಇಸ್ತ್ರಿ ಅಂಗಿ ಹಾಕಿಕೊಂಡು ತಾನೇ ಬಂದು ನಿಂತಿದ್ದಾನೆ.

ನಗು ಮುಗಿಯುವ ಮೊದಲೇ ಗಿರಣಿಯ ಅಳಿಯ ಬಂದ. ಮಗಳನ್ನು ಕೊಟ್ಟ ಅಳಿಯ. ಮಾವನಿಗಿಂತ ಮಾವನ ಸಿಟ್ಟು ಇವನಿಗೇ ಜಾಸ್ತಿ ಬಂದಿತ್ತು. ಒಂದು ಮಾತೂ ಆಡದೆ ಬಾರಿಸಿದ. ತಾರೀಖಣ್ಣನ ಕನ್ನಡಕ ಹಾರಿ ಬಿತ್ತು, ಕಿವಿಯೊಳಗೆ ಸೀಟಿ ಊದಿದಂತಾಯಿತು. ಅವನ ವಯಸ್ಸಿಗೆ ಅದು ಮೊದಲ ಏಟು. ಶಾಲೆಯಲ್ಲೂ ಮೇಷ್ಟ್ರು ಅವನಿಗೆ ಹೊಡೆದಿರಲಿಲ್ಲ.

ಕಾಲರ್ ಹಿಡಿದು ಶೆಡ್ಡಿಗೆ ಎಳೆದುಕೊಂಡು ಹೋದರು. ಒಳಗೆ ಹಳೆ ಟೈರು, ಗ್ರೀಸು, ಸುಟ್ಟ ಎಣ್ಣೆಯ ವಾಸನೆ. ಒಂದು ಮೂಲೆಯಲ್ಲಿ ಹಿಂದಿನ ಚಕ್ರ ಕಳಚಿದ ಲಾರಿಯೊಂದು ಜಾಕಿನ ಮೇಲೆ ನಿಂತಿತ್ತು. ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗಿರಣಿ. ಮೈಮೇಲೆ ಹುಟ್ಟುಹಬ್ಬಕ್ಕೆ ತಂದ ಹೊಸ ರೇಷ್ಮೆ ಅಂಗಿ, ಮಡಿಕೆಯ ಗೆರೆ ಇನ್ನೂ ಹೋಗಿಲ್ಲ. ತೊಡೆಯ ಮೇಲೆ ಪೇಪರ್.

ಗಿರಣಿ ಹೆದರಿದ್ದ. ತಾರೀಖಣ್ಣನಿಗೆ ಅದು ನೋಡಿದ ಕೂಡಲೇ ತಿಳಿಯಿತು. ಸಿಟ್ಟು ಬಂದವನ ಕಾಲು ಹಿಡಿಯಬಹುದು, ಹೆದರಿದವನ ಹತ್ತಿರ ಏನು ಮಾಡುವುದು?

"ಯಾರು ಹಾಕ್ಸಿದ್ದು?" ಗಿರಣಿ ಕೇಳಿದ. ಮೆತ್ತಗಿನ ದನಿ.

"ಯಾರೂ ಇಲ್ಲ ಸಾರ್. ಹೋದ ವರ್ಷದ ಪುಟದಲ್ಲಿ ಹಾಸ್ಯನಟ ಇದ್ರು. ಅವರನ್ನ ತೆಗೆದು ನಿಮ್ಮನ್ನ ಇಟ್ಟೆ. ಚೌಕಟ್ಟು ಹಾಗೇ ಉಳೀತು."

"ತಾರೀಖು?"

"ಅದು ಕಂಪ್ಯೂಟರ್ ತಾನಾಗೇ ಹಾಕ್ಕೊಳುತ್ತೆ ಸಾರ್."

ಅಳಿಯ ನೆಲದ ಮೇಲಿದ್ದ ಟೈರು ಬಿಚ್ಚುವ ಸಲಾಕೆ ಎತ್ತಿಕೊಂಡ. "ಮಾವ, ಇವನು ನಮ್ಮ ಕಿವಿಗೆ ಹೂ ಇಡ್ತಿದಾನೆ. ಊರಲ್ಲಿ ಸಾಯೋರು ಇಷ್ಟು ಜನ ಇರುವಾಗ, ಕಂಪ್ಯೂಟರ್‌ಗೆ ತಾನಾಗೇ ನೀವೇ ಸಿಕ್ರಾ?"

ಸಲಾಕೆ ಮೊಣಕಾಲಿನ ಕೆಳಗೆ ಬಿತ್ತು. ತಾರೀಖಣ್ಣ ಕೂಗಿದ್ದು ಅವನಿಗೇ ಬೇರೆ ಯಾರೋ ಕೂಗಿದ ಹಾಗೆ ಕೇಳಿಸಿತು. ನೆಲಕ್ಕೆ ಬಿದ್ದವನನ್ನು ಎತ್ತಿ ಕೂರಿಸಿ ಅದೇ ಪ್ರಶ್ನೆ ಕೇಳಿದರು. ಅದೇ ಉತ್ತರ ಕೊಟ್ಟ. ಈ ಸಲ ಪಕ್ಕೆಗೆ. ಮತ್ತೆ ಅದೇ ಪ್ರಶ್ನೆ. ಬಾಯಿಗೆ ಬಿದ್ದ ಗುದ್ದಿಗೆ ಮುಂದಿನ ಹಲ್ಲೊಂದು ಮುರಿದು ನಾಲಿಗೆಯ ಮೇಲೆ ಹೊರಳಿತು. ಅದನ್ನು ಉಗುಳಲು ಸಂಕೋಚವಾಗಿ ನುಂಗಿಬಿಟ್ಟ. ಅಳಿಯ ಅವನ ಕೂದಲು ಹಿಡಿದು, ಟ್ಯೂಬು ಅದ್ದಿ ತೂತು ಹುಡುಕುವ ನೀರಿನ ಡ್ರಮ್ಮಿಗೆ ತಲೆ ಮುಳುಗಿಸಿದ. ಆ ಕೊಳಕು ನೀರು ಮೂಗಿನಲ್ಲಿ ನುಗ್ಗಿ ಎದೆ ಸಿಡಿಯುವಾಗ, ತಾನು ಸಾಯುವ ದಿನ ಇದೇ ಅಂತ ತಾರೀಖಣ್ಣನಿಗೆ ಖಾತ್ರಿಯಾಯಿತು. ಗಿರಣಿ ಹುಟ್ಟಿದ ದಿನವೇ ಸಾಯುವುದು ಅವನಿಗೆ ಆ ಸ್ಥಿತಿಯಲ್ಲೂ ಅವಮಾನ ಅನ್ನಿಸಿತು.

ಮೇಲೆತ್ತಿದರು. ಈಗ ಗಿರಣಿಯೇ ಹೆಸರು ಹೇಳತೊಡಗಿದ.

"ಮಂಡಿಯವನಾ?"

"ಅಲ್ಲ ಸಾರ್."

ಏಟು.

"ಟೋಲ್ ಗೇಟಿನವನಾ? ನಮ್ಮ ಹಳೇ ಪಾರ್ಟ್‌ನರ್ರಾ?"

"ಯಾರೂ ಇಲ್ಲ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ."

ಮತ್ತೆ ಏಟು. ಇಲ್ಲ ಅಂದಷ್ಟೂ ಸಲಾಕೆ ಏಳುತ್ತದೆ, ಹೌದು ಅಂದರೆ ಇಳಿಯುತ್ತದೆ ಅನ್ನುವುದು ತಾರೀಖಣ್ಣನಿಗೆ ಆಗ ಹೊಳೆಯಿತು. ಇವರಿಗೆ ನಿಜ ಬೇಕಾಗಿಲ್ಲ, ಒಂದು ಹೆಸರು ಬೇಕು. ಆದರೆ ಯಾರ ಹೆಸರು ಹೇಳಿದರೂ ಅವನು ಸಂಜೆಯೊಳಗೆ ಹೆಣ. ಮಂಡಿಯವನೂ ಅಂಥ ಸಾಧುವೇನಲ್ಲ, ಹೇಳಿಬಿಡಲೇ ಅಂತ ನಾಲಿಗೆಯ ತುದಿಯವರೆಗೆ ಬಂತು. ಮಂಡಿಯವನಿಗೆ ಶಾಲೆಗೆ ಹೋಗುವ ಅವಳಿ ಮಕ್ಕಳಿದ್ದಾರೆ, ಅವರು ಹುಟ್ಟಿದ ದಿನ ಯಾವುದು ಅನ್ನುವುದೂ ಈ ಹಾಳು ತಲೆಯಲ್ಲಿದೆ. ನುಂಗಿಕೊಂಡ.

ಆಗ ಸತ್ತವರು ನೆನಪಾದರು. ಅವನ ತಲೆ ತುಂಬ ಇರುವುದು ಸತ್ತವರೇ. ಗಿರಣಿಗೆ ಆಗದವನು, ಆದರೆ ಸತ್ತದ್ದು ಗಿರಣಿಗೆ ಗೊತ್ತಿಲ್ಲದವನು, ಅಂಥ ಒಬ್ಬ ಸಿಕ್ಕರೆ ಸಾಕು. ಸತ್ತವನನ್ನು ಇವರು ಇನ್ನೇನು ಮಾಡಿಯಾರು?

"ಫೈಟ್ ಮಾಸ್ಟರ್," ಅಂದ ತಾರೀಖಣ್ಣ.

ಸಲಾಕೆ ಇಳಿಯಿತು.

ಗಿರಣಿ ಖಳನಾಗಿದ್ದ ಆ ಸಿನಿಮಾದಲ್ಲಿ ಹೊಡೆದಾಟ ಹೇಳಿಕೊಟ್ಟವನು ಈ ಫೈಟ್ ಮಾಸ್ಟರ್. ಗಿರಣಿಗೆ ಬೀಳುವುದು ಬರುತ್ತಿರಲಿಲ್ಲ. ಬೀಳುವುದಕ್ಕೂ ಕಲೀಬೇಕಪ್ಪ, ಮೂಟೆ ಇಳಿಸಿದ ಹಾಗಲ್ಲ ಅಂತ ಮಾಸ್ಟರ್ ಎಲ್ಲರೆದುರು ಗದರಿದ್ದ. ಚಿತ್ರೀಕರಣ ಮುಗಿದ ವಾರವೇ ನಡುಬೀದಿಯಲ್ಲಿ ಮಾಸ್ಟರನ ಕಾಲು ಮುರಿಯಿತು. ಸಿನಿಮಾದವರು ಕೆಲಸ ಕೊಡುವುದನ್ನು ಬಿಟ್ಟರು, ಅವನು ಊರು ಬಿಟ್ಟ. ಹೋದ ತಿಂಗಳು ದೂರದ ಯಾವುದೋ ಆಸ್ಪತ್ರೆಯಲ್ಲಿ ತೀರಿಕೊಂಡ. ತಾರೀಖಣ್ಣನಿಗೆ ಇದು ಗೊತ್ತಾದದ್ದು ಅವನ ಮಗಳಿಂದ. ಆಫೀಸಿಗೆ ಬಂದು, ಅಪ್ಪ ಅಷ್ಟು ಸಿನಿಮಾಕ್ಕೆ ಕೆಲಸ ಮಾಡಿದ್ದಾರೆ, ಒಂದು ಸಾಲು ಹಾಕಿ ಅಂತ ಕೇಳಿದ್ದಳು. ಜಾಗ ಇಲ್ಲಮ್ಮ, ತೆರೆ ಮೇಲೆ ಮುಖ ಕಾಣೋ ಪೈಕಿಯವರಿಗೇ ಜಾಗ ಸಾಲಲ್ಲ ಅಂತ ಇವನು ಸಾಗಹಾಕಿದ್ದ.

"ಫೈಟ್ ಮಾಸ್ಟರ್ರಾ," ಅಂದ ಗಿರಣಿ, ಮುಖ ಸಡಿಲವಾಯಿತು. ಹೆದರಿಕೆಗೆ ಒಂದು ಗುರುತು ಸಿಕ್ಕಿತ್ತು. "ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ನಾ? ಇವನಿಗೆ ನೀರು ಕೊಡ್ರೋ."

ನೀರು ಕೊಟ್ಟರು. ಬಾಟಲಿ ಹಿಡಿದುಕೊಂಡ ತಾರೀಖಣ್ಣನಿಗೆ, ಹೇಳಿದರೆ ನಾಚಿಕೆ, ಸ್ವಲ್ಪ ಹೆಮ್ಮೆಯೇ ಆಯಿತು. ಯಾರ ಕೂದಲೂ ಕೊಂಕದ ಹಾಗೆ ತಪ್ಪಿಸಿಕೊಂಡೆನಲ್ಲ, ಈ ತಲೆ ಒಂದು ದಿನಕ್ಕಾದರೂ ಉಪಯೋಗಕ್ಕೆ ಬಂತಲ್ಲ ಅಂದುಕೊಂಡ.

"ಅವನು ಊರಲ್ಲಿಲ್ಲ ಮಾವ," ಅಂದ ಅಳಿಯ. "ಆದ್ರೆ ಮಗಳು ಇಲ್ಲೇ ಇದ್ದಾಳೆ. ಹಳೇ ಟಾಕೀಸಿನ ಹಿಂದೆ ಟೈಲರ್ ಅಂಗಡಿ."

"ಅವಳನ್ನ ತಗೊಂಡು ಬಾ. ಅಪ್ಪ ತಾನಾಗೇ ಬರ್ತಾನೆ."

ತಾರೀಖಣ್ಣ ಬಾಟಲಿ ಕೈಬಿಟ್ಟ. ಬಗ್ಗಿ ಗಿರಣಿಯ ಕಾಲು ಹಿಡಿದ. "ಬೇಡ ಸಾರ್. ನಾನು ಸುಳ್ಳು ಹೇಳಿದೆ. ಅವರು ಸತ್ತಿದ್ದಾರೆ. ಹೋದ ತಿಂಗಳೇ ಸತ್ತಿದ್ದಾರೆ. ಅದಕ್ಕೇ ಅವರ ಹೆಸರು ಹೇಳಿದ್ದು."

ಗಿರಣಿ ಕಾಲು ಝಾಡಿಸಿದ. "ನೋಡಯ್ಯ, ನಿನ್ನ ಪುಟ ನಾನು ದಿನಾ ಓದ್ತೀನಿ. ಫೈಟ್ ಮಾಸ್ಟರ್ ಸತ್ತಿದ್ರೆ ಅದರಲ್ಲಿ ಬರ್ತಿರ್ಲಿಲ್ವಾ?"

ಅಳಿಯ ಆಗಲೇ ಹೊರಗೆ ಹೋಗಿದ್ದ. ಜೀಪು ಹೊರಟ ಸದ್ದು ಕೇಳಿಸಿತು.

ಅವಳನ್ನು ತರುವವರೆಗೆ ತಾರೀಖಣ್ಣ ಟೈರಿಗೆ ಒರಗಿ ಕೂತು ದೇವರನ್ನು ಬೇಡಿಕೊಂಡ, ಅಂಗಡಿ ಮುಚ್ಚಿರಲಿ, ಅವಳು ಊರಿಗೆ ಹೋಗಿರಲಿ, ಜೀಪಿನ ಟೈರು ಪಂಕ್ಚರಾಗಲಿ. ಒಂದೂ ಆಗಲಿಲ್ಲ. ಬಾಗಿಲಲ್ಲಿ ಮೊದಲು ಕಂಡದ್ದು ಅಳಿಯ. ಅವನ ಅಂಗೈಯಿಂದ ರಕ್ತ ಸುರಿಯುತ್ತಿತ್ತು, ಕಚ್ಚಿದ್ದಳು. ಅವಳ ಮೂಗು ಒಡೆದು ತುಟಿಯ ಮೇಲೆ ಕೆಂಪು ಹರಿದಿತ್ತು. ಕೊರಳಲ್ಲಿ ಅಳತೆಯ ಟೇಪು ಹಾಗೇ ಜೋತಾಡುತ್ತಿತ್ತು. ಎಳೆದು ತಂದು ಗಿರಣಿಯ ಮುಂದೆ ಕೆಡವಿದರು.

"ಎಲ್ಲಿ ನಿಮ್ಮಪ್ಪ?"

"ಸತ್ರು."

"ಇವರಿಬ್ಬರೂ ಒಂದೇ ಪಾಠ ಕಲಿತು ಬಂದಿದ್ದಾರೆ," ಅಂದ ಅಳಿಯ, ಬೆನ್ನಿಗೆ ಒದ್ದ. ಅವಳು ಮುಗ್ಗರಿಸಿದಳು, ಮತ್ತೆ ಎದ್ದು ಕೂತಳು. ಅಳಲಿಲ್ಲ.

"ಹೇಗೆ ಸತ್ತ?" ಗಿರಣಿ ಕೇಳಿದ.

"ನೀವು ಮುರಿದ ಕಾಲಿಂದಲೇ. ಅದು ಯಾವತ್ತೂ ಸರಿ ಕೂಡ್ಲಿಲ್ಲ. ಕೊನೆಗೆ ಕೊಳೀತು. ಕತ್ತರಿಸಿದ್ರು, ಆದ್ರೂ ವಿಷ ಮೇಲೆ ಏರಿತು. ಕೊನೇ ವಾರ ನಮ್ಮನ್ನೇ ಗುರುತು ಹಿಡೀತಿರ್ಲಿಲ್ಲ."

ಗಿರಣಿ ಅವಳನ್ನೇ ನೋಡಿದ. ಅವಳು ಸುಳ್ಳು ಹೇಳುತ್ತಿಲ್ಲ ಅನ್ನುವುದು ಅವನಿಗೆ ತಿಳಿಯಿತು. ತಾರೀಖಣ್ಣ ಉಸಿರು ಬಿಟ್ಟ. ಬಿಡಬಾರದಿತ್ತು.

"ಹಾಗಾದ್ರೆ ಅಪ್ಪ ಅಲ್ಲ, ಇವಳೇ ಹಾಕ್ಸಿರೋದು," ಅಂದ ಅಳಿಯ. "ಅಪ್ಪನ ಸೇಡಿಗೆ. ಏಯ್, ಪೇಪರ್ ಆಫೀಸಿಗೆ ಹೋಗಿದ್ಯಾ ನೀನು?"

ಹೋಗಿಲ್ಲ ಅನ್ನು ತಾಯೀ, ಅಂತ ತಾರೀಖಣ್ಣ ಮನಸ್ಸಿನಲ್ಲೇ ಕೈಮುಗಿದ. ಅವಳಿಗೆ ಮುಚ್ಚಿಡಲು ಕಾರಣವೇನಿದೆ?

"ಹೋಗಿದ್ದೆ. ಹೋದ ತಿಂಗಳು. ಇದೋ, ಇವರ ಹತ್ರಾನೇ. ಅಪ್ಪ ತೀರಿಕೊಂಡ್ರು, ಒಂದು ಸಾಲು ಹಾಕಿ ಅಂತ ಕೇಳ್ಕೊಂಡೆ."

"ಹಾಕಿದ್ನಾ?"

"ಇಲ್ಲ."

ಗಿರಣಿ ಎದ್ದು ನಿಂತ. ಪೇಪರ್ ತೊಡೆಯಿಂದ ಜಾರಿ ಎಣ್ಣೆಯಲ್ಲಿ ಬಿತ್ತು. "ಅವಳಪ್ಪ ಸತ್ತಿದ್ದು ಹಾಕ್ಲಿಲ್ಲ. ನಾನು ಸಾಯೋದು ಹಾಕಿದ. ಇದಕ್ಕಿಂತ ಇನ್ನೇನು ಬೇಕು?"

ಹೇಳಿದ್ದು ಅಷ್ಟೂ ನಿಜ, ಕೂಡಿಸಿದ್ದು ಅಷ್ಟೂ ಸುಳ್ಳು. ತಾರೀಖಣ್ಣ ಬಾಯಿ ತೆರೆದು ಅಲ್ಲ ಸಾರ್ ಅಲ್ಲ ಅಂತ ಕೂಗಿದ. ಅಲ್ಲ ಅನ್ನುವ ಮಾತಿಗೆ ಆ ಶೆಡ್ಡಿನಲ್ಲಿ ಕಾಸಿನ ಕಿಮ್ಮತ್ತಿರಲಿಲ್ಲ. ಇಬ್ಬರು ಅವಳ ರಟ್ಟೆ ಹಿಡಿದು ಮೂಲೆಯ ಲಾರಿಯತ್ತ ಎಳೆದರು. ಅವಳು ಆಗ ಕಿರುಚಿದಳು. ಕಾಲು ಝಾಡಿಸಿ ಒಬ್ಬನ ದವಡೆಗೆ ಒದ್ದಳು. ಅವನು ಅವಳ ತಲೆಯನ್ನು ಲಾರಿಯ ಕಬ್ಬಿಣಕ್ಕೆ ಬಡಿದ. ಅವಳು ಮೆತ್ತಗಾದಳು. ಮಲಗಿಸಿ, ಚಕ್ರ ಕಳಚಿದ ಕಡೆ ಅವಳ ಎರಡೂ ಕಾಲುಗಳನ್ನು ಅಡಿಗೆ ತಳ್ಳಿದರು. ಅಳಿಯ ಜಾಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ತಿರುಪಿಗೆ ಕೈ ಹಾಕಿದ.

"ಅಪ್ಪಂದು ಒಂದು," ಅಂದ. "ಮಗಳದು ಎರಡು. ಸಾಲು ಸಾಲು ಹಾಕ್ಸಮ್ಮ ಆಮೇಲೆ."

ತಿರುಪು ಸಡಿಲವಾಯಿತು. ಲಾರಿ ನರಳಿ, ಒಂದು ಬೆರಳಿನಷ್ಟು ಇಳಿಯಿತು. ಕಬ್ಬಿಣ ಅವಳ ಮೊಣಕಾಲಿಗೆ ತಾಗಿತು. ಅವಳ ಬಾಯಿಂದ ಬಂದದ್ದು ಮಾತೂ ಅಲ್ಲ, ಕೂಗೂ ಅಲ್ಲ.

ತಾರೀಖಣ್ಣನಿಗೆ ಆಗ ಒಂದು ತಿಳಿಯಿತು. ನಿಜವನ್ನು ಇವರು ನಂಬುವುದಿಲ್ಲ, ನಂಬುವುದು ಹಗೆಯನ್ನು ಮಾತ್ರ. ಹಾಗಿದ್ದರೆ ಹಗೆಯನ್ನೇ ಕೊಡಬೇಕು.

"ನಾನೇ ಹಾಕಿದ್ದು," ಅಂದ. ದನಿ ಏರಿಸಲಿಲ್ಲ. "ಬೇಕಂತಲೇ."

ಅಳಿಯನ ಕೈ ನಿಂತಿತು. ಗಿರಣಿ ತಿರುಗಿದ.

"ಯಾರೂ ಹೇಳಿಕೊಟ್ಟಿಲ್ಲ. ಚೌಕಟ್ಟು ಮರೆತು ಉಳಿದಿಲ್ಲ. ನಾನೇ ಆರಿಸಿ ಇಟ್ಟೆ. ಪ್ರತಿ ವರ್ಷ ನಿಮ್ಮನ್ನ ಬಡವರ ಬಂಧು ಅಂತ ಬರೀಬೇಕಾಗಿತ್ತು ನಾನು. ಕರುಣಾಮಯಿ ಅಂತ ಬರೀಬೇಕಾಗಿತ್ತು. ನಮ್ಮ ಬೀದಿ ಕೊನೇಲಿ ಒಬ್ಬ ಹಮಾಲಿ ಇದ್ದ, ನಿಮ್ಮ ಸಂಘಕ್ಕೆ ಸೇರಲ್ಲ ಅಂದ ಅಂತ ಅವನ ಬೆನ್ನು ಮುರಿದ್ರಿ. ಅವನು ಹಾಸಿಗೇಲೇ ಹೇತುಕೊಂಡು ಬಿದ್ದಿರೋದನ್ನ ನೋಡಿ ಆಫೀಸಿಗೆ ಹೋಗಿ ನಾನು ಬಡವರ ಬಂಧು ಅಂತ ಬರೆದೆ. ನನ್ನ ಅನ್ನಕ್ಕೋಸ್ಕರ ಬರೆದೆ. ಈ ವರ್ಷ ಆಗ್ಲಿಲ್ಲ. ನೀವು ಸತ್ತಿದ್ದೀರಿ ಅಂತ ಒಂದೇ ಒಂದು ದಿನ ಓದಬೇಕು ಅನ್ನಿಸ್ತು. ಓದಿದೆ. ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಏನಂದಳು ಗೊತ್ತಾ? ಒಳ್ಳೇದೇ ಆಯ್ತು ಅಂದಳು. ಊರೆಲ್ಲ ಅದನ್ನೇ ಅಂದಿರುತ್ತೆ."

ಸುಳ್ಳು ಹೇಳಲು ಬಾಯಿ ತೆರೆದವನಿಗೆ, ಹೇಳುತ್ತ ಹೇಳುತ್ತ ಅದು ಸುಳ್ಳಲ್ಲ ಅನ್ನುವುದು ಗೊತ್ತಾಯಿತು. ಆ ಸಂಜೆ ಬಸ್ಸಿನ ಆತುರವಿದ್ದದ್ದು ನಿಜ. ಆದರೆ ಈ ದ್ವೇಷವೂ ಅಷ್ಟೇ ನಿಜ, ಅದು ಅವನೊಳಗೆ ವರ್ಷಗಟ್ಟಲೆ ಬಾಯಿ ಹೊಲಿದುಕೊಂಡು ಕೂತಿತ್ತು. ಭಯ ಇನ್ನೂ ಹೋಗಿರಲಿಲ್ಲ. ಆದರೂ ಹೇಳಿ ಮುಗಿಸಿದಾಗ ಅವನಿಗೆ ಎಂದೂ ಆಗದಷ್ಟು ಹಗುರವಾಯಿತು.

ಗಿರಣಿ ನಂಬಿದ. ಅವನ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ನೆಮ್ಮದಿ. ತನ್ನನ್ನು ಕೊಲ್ಲಲು ಯಾರೂ ಹೊರಟಿಲ್ಲ. ಹಲ್ಲು ಮುರಿದ ಈ ಒಬ್ಬ ಗುಮಾಸ್ತ, ಅಷ್ಟೇ.

"ಅವಳನ್ನ ಬಿಡು," ಅಂದ.

"ಮಾವ..."

"ಬಿಡು ಅಂದೆ."

ಜಾಕನ್ನು ಮತ್ತೆ ಏರಿಸಿ ಅವಳನ್ನು ಹೊರಗೆಳೆದರು. ಒಂದು ಮೊಣಕಾಲು ಆಗಲೇ ಊದಿಕೊಂಡು ಚರ್ಮ ಹರಿದಿತ್ತು. ಗೋಡೆ ಹಿಡಿದು ಎದ್ದಳು, ಬಿದ್ದಳು, ಮತ್ತೆ ಎದ್ದಳು. ಯಾರೂ ಕೈ ನೀಡಲಿಲ್ಲ. ಬಾಗಿಲಿಗೆ ಹೋಗುವ ದಾರಿಯಲ್ಲಿ ತಾರೀಖಣ್ಣನ ಹತ್ತಿರ ಬಂದಾಗ ನಿಂತಳು. ಏನಾದರೂ ಅನ್ನುತ್ತಾಳೆ ಅಂತ ಅವನು ಮುಖವೆತ್ತಿದ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ಇನ್ನೊಂದರಲ್ಲಿ ಅವಳು ಮಸುಕಾಗಿ ಕಂಡಳು. ಎಲ್ಲೋ ಒಂದು ಮೂಲೆಯಲ್ಲಿ, ಒಳ್ಳೆಯ ಮಾತಿಗೆ ಅವನ ಮನಸ್ಸು ಕೈಚಾಚಿ ನಿಂತಿತ್ತು.

"ಅವತ್ತೇ ಒಂದು ಸಾಲು ಹಾಕಿದ್ರೆ ಆಗ್ತಿತ್ತಲ್ಲ ಸಾರ್," ಅಂದಳು.

ಬೈದು ಹೇಳಿದ್ದಲ್ಲ. ದಣಿದು ಹೇಳಿದ್ದು. ಕುಂಟುತ್ತ ಹೊರಗೆ ಹೋದಳು. ಗೇಟಿನ ಹುಡುಗರು ದಾರಿ ಬಿಟ್ಟರು. ತಾರೀಖಣ್ಣ ಆವತ್ತು ತಿಂದ ಅಷ್ಟೂ ಏಟಿನಲ್ಲಿ ಅವನನ್ನು ಅಳಿಸಿದ್ದು ಇದೊಂದೇ.

ಗಿರಣಿ ಅವನು ಅಳುವುದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹೊಸ ಅಂಗಿಯ ಮುಂಭಾಗವನ್ನು ಅಂಗೈಯಿಂದ ತೀಡಿ ಸರಿಮಾಡಿಕೊಂಡ.

"ಕೊಲ್ಲೋದು ಬೇಡ," ಅಂದ ಅಳಿಯನಿಗೆ. "ನನ್ನ ಹುಟ್ಟುಹಬ್ಬದ ದಿನ ಇನ್ನೊಬ್ಬ ಸಾಯೋದು ಬೇಡ, ಚೆನ್ನಾಗಿರಲ್ಲ. ಏನಯ್ಯ, ನನ್ನ ಸಾವು ಬರೆದ ಕೈ ಯಾವುದು?"

ಬಲಗೈ ಅಂದಿದ್ದರೆ ಎಡಗೈ ಉಳಿಯುತ್ತಿತ್ತು. ಎಡಗೈ ಅಂದಿದ್ದರೆ ಇನ್ನೂ ಲಾಭ. ಹೆಂಡತಿ ಅಲ್ಲಿದ್ದಿದ್ದರೆ ಬಾಯಿ ಮುಚ್ಚಿಸುತ್ತಿದ್ದಳು. ಆದರೆ ತಾರೀಖಣ್ಣ ಇಷ್ಟು ವರ್ಷ ತನ್ನ ಪುಟಕ್ಕೆ ಯಾರು ಏನು ಕೇಳಿದರೂ ನೆನಪು ಮಾಡಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿ ರೂಢಿಯಾದವನು. ಕೀಲಿಮಣೆಯ ಮೇಲೆ ತನ್ನ ಬೆರಳುಗಳು ಹೇಗೆ ಓಡುತ್ತವೆ ಅಂತ ಒಂದು ಗಳಿಗೆ ಯೋಚಿಸಿದ.

"ಎರಡೂ," ಅಂದ.

ಅಳಿಯ ಅವನ ಮಣಿಕಟ್ಟುಗಳನ್ನು ಹಿಡಿದುಕೊಂಡು ಲಾರಿಯ ಕಡೆಗೆ ನಡೆಸಿಕೊಂಡು ಹೋದ. ಹೊರಗೆ ಯಾರೋ ಹಾಡು ಹಾಕುವವನನ್ನು ವಾಪಸ್ ಕರೆಯಲು ಓಡಿದರು.